ಗಣಿಗೆ ಹೆದರಿ ಗೋಲು ಹೊಡೆದವರು

ಕಳೆದ ವಾರ ಟೊರೊಂಟೊದಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಜೆರಾರ್ಡ್ ಬಜಾರಿಗೆ ಹೋದಾಗ ಜೋಳದ ಹಿಟ್ಟು, ಗುರೆಳ್ಳಿನ ಜೊತೆ ನೀಲಗಿರಿ ಎಣ್ಣೆಯ ಒಂದು ಪುಟ್ಟ ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡೆ. ಮುಚ್ಚಳ ಸಡಿಲವಿತ್ತೋ ಏನೋ, ಡಾನ್ ವ್ಯಾಲಿ ರಸ್ತೆ ಹತ್ತುವಷ್ಟರಲ್ಲಿ ಕಾರಿನ ತುಂಬಾ ಆ ವಾಸನೆ. ಕಿಟಕಿ ಇಳಿಸಲು ಬಟನ್ನಿನ ಮೇಲೆ ಬೆರಳಿಟ್ಟವಳು ಹಾಗೇ ಬಿಟ್ಟೆ. ಎಷ್ಟೋ ವರ್ಷಗಳ ಹಿಂದೆ ಇದೇ ವಾಸನೆ ಥಾರ್ನ್‌ಹಿಲ್ಲಿನ ನಮ್ಮ ಪಕ್ಕದ ಮನೆಯವರ ಮೊಣಕಾಲಿನಿಂದ ಬರುತ್ತಿತ್ತು. ಒಮ್ಮೆ ಊರಿಂದ ತಂದ ಸೀಸೆಯನ್ನು ನಾನೇ ಅವರಿಗೆ ಕೊಟ್ಟಿದ್ದೆ. ಆಮೇಲೆ ಅವರು ಅದನ್ನು ಬಿಡಲಿಲ್ಲ. ಬೇಲಿಯಾಚೆ ಅವರು ಬಂದು ನಿಂತರೆ ನೋಡದೆಯೇ ಗೊತ್ತಾಗುತ್ತಿತ್ತು...

ನಾವು ಧಾರವಾಡ ಬಿಟ್ಟು ಬಂದ ಮೊದಲ ಚಳಿಗಾಲ ಅದು. ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆಗಳಲ್ಲಿ ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವರು ಮತ್ತು ಅವರ ಹೆಂಡತಿ. ಎರಡೂ ಮನೆಗೆ ಸೇರಿ ಒಂದೇ ಡ್ರೈವ್‌ವೇ. ನನ್ನ ಗಂಡ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದರು. ಹಿಮ ಎತ್ತಿ ಹಾಕುವುದು ನನ್ನ ಪಾಲಿಗೆ ಬಂದಿತ್ತು. ಸಲಿಕೆಯನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದೆ ನಿಂತಿದ್ದ ನನ್ನ ಕೈಯಿಂದ ಎತ್ತರದ, ಸ್ವಲ್ಪ ಕುಂಟುವ ಮನುಷ್ಯರೊಬ್ಬರು ಮಾತಿಲ್ಲದೆ ಅದನ್ನು ತೆಗೆದುಕೊಂಡು ಮೊಣಕಾಲು ಮಡಿಸಿ ತೋರಿಸಿದರು. "ಬೆನ್ನಲ್ಲ. ಕಾಲು" ಎಂದರು. ಅವರು ನನಗೆ ಆಡಿದ ಮೊದಲ ಮಾತು ಅದು.

ನನಗೆ ಆಗ ಎಲ್ಲದಕ್ಕೂ ಹೆದರಿಕೆ. ಮಂಜುಗಟ್ಟಿದ ಮೆಟ್ಟಿಲು, ಬಸ್ಸಿನ ಡ್ರೈವರ್ ಕೇಳುವ ಪ್ರಶ್ನೆ, ಶಾಲೆಯಿಂದ ಬರುವ ಫೋನು, ಎಲ್ಲಕ್ಕಿಂತ ಹೆಚ್ಚಾಗಿ ಆಗಷ್ಟೇ ಓಡಿಸಲು ಕಲಿಯುತ್ತಿದ್ದ ಕಾರು. ಹಿಂದೆ ಟ್ರಕ್ ಬಂದರೆ ಪಕ್ಕಕ್ಕೆ ಸರಿದು ನಿಲ್ಲಿಸಿಬಿಡುತ್ತಿದ್ದೆ. ಒಂದು ದಿನ ಯಾಕೋ ಇದನ್ನೆಲ್ಲ ಅವರ ಮುಂದೆ ಹೇಳಿಕೊಂಡೆ. ಬೇರೆಯವರಾಗಿದ್ದರೆ ಹೆದರಬೇಡಿ ಎನ್ನುತ್ತಿದ್ದರು. ಅವರು ಡಾಕ್ಟರರ ಹಾಗೆ ತಲೆ ಓರೆ ಮಾಡಿ, "ಭಯ ಎಲ್ಲಿದೆ? ಹೊಟ್ಟೆಯಲ್ಲೋ, ಕಾಲಲ್ಲೋ?" ಎಂದು ಕೇಳಿದರು. ನಾನು ಯೋಚಿಸಿ ಹೊಟ್ಟೆಯಲ್ಲಿ ಎಂದೆ. "ಹಾಗಾದರೆ ಆಡಬಹುದು. ಕಾಲಿಗೆ ಇಳಿದರೆ ಮಾತ್ರ ಕೂತುಬಿಡು" ಎಂದರು.

ಅವರು ಪೋಲೆಂಡಿನಲ್ಲಿ ಫುಟ್ಬಾಲ್ ಆಡಿ ಸಂಬಳ ತೆಗೆದುಕೊಂಡವರು, ಫಾರ್ವರ್ಡ್, ಎದುರಾಳಿಯ ಗೋಲಿನ ಮುಂದೆ ನಿಂತು ಚೆಂಡು ಒಳಗೆ ಹಾಕುವುದೇ ಅವರ ಕೆಲಸವಾಗಿತ್ತು ಎಂದು ಗೊತ್ತಾದದ್ದು ಬೇಸಿಗೆಯಲ್ಲಿ, ನನ್ನ ಮಗಳು ಅವರು ಕಲಿಸುತ್ತಿದ್ದ ಹುಡುಗಿಯರ ತಂಡಕ್ಕೆ ಸೇರಿದಾಗ. ಅಂದಿನಿಂದ ಅವರು ನಮ್ಮ ಮನೆಯಲ್ಲಿ 'ಕೋಚ್' ಆದರು.

ಅವರ ಕಥೆಯನ್ನು ನಾನು ಕೇಳಿದ್ದು ತುಂಡುತುಂಡಾಗಿ, ಹೆಚ್ಚಾಗಿ ಬೇಲಿಯ ಮೇಲೆ ಮೊಣಕೈ ಊರಿಕೊಂಡು. ಅವರ ಇಂಗ್ಲಿಷಿನಲ್ಲಿ ಭೂತಕಾಲವೇ ಇರಲಿಲ್ಲ. ಮೂವತ್ತು ನಲವತ್ತು ವರ್ಷದ ಹಿಂದಿನದನ್ನೂ ಈಗ ನಡೆಯುತ್ತಿರುವಂತೆ ಹೇಳುತ್ತಿದ್ದರು. "ಮಳೆ ಬರ್ತಿದೆ. ಚೆಂಡು ಎಡಗಡೆಯಿಂದ ಬರ್ತಿದೆ. ನಾನು ಹಾರ್ತೀನಿ." ನನಗೆ ಅದು ಇಷ್ಟವಾಗುತ್ತಿತ್ತು. ಕೇಳುತ್ತ ಕೂತರೆ ಥಾರ್ನ್‌ಹಿಲ್ಲಿನ ಹಿತ್ತಲಲ್ಲೇ ಚೆಂಡು ಬಂದು ಬೀಳುತ್ತದೇನೋ ಅನ್ನಿಸುತ್ತಿತ್ತು.

ಸಿಲೇಸಿಯಾ ಎಂಬ ಕಲ್ಲಿದ್ದಲ ಸೀಮೆಯಲ್ಲಿ ಅವರು ಹುಟ್ಟಿದ್ದು. ಅಪ್ಪ ಗಣಿಯಲ್ಲಿ, ಅಣ್ಣಂದಿರು ಗಣಿಯಲ್ಲಿ. ಊರಿನ ಫುಟ್ಬಾಲ್ ತಂಡವೂ ಗಣಿಯದೇ. ಆ ಕಾಲದಲ್ಲಿ ಅಲ್ಲಿ ಆಟಗಾರ ಎಂಬ ನೌಕರಿ ಇರಲಿಲ್ಲವಂತೆ. ಆಡುವವರೆಲ್ಲ ಕಾಗದದ ಮೇಲೆ ಗಣಿ ಕಾರ್ಮಿಕರೇ. ತಂಡಕ್ಕೆ ಸೇರಿದ ದಿನ ಮ್ಯಾನೇಜರ್ ಹೊಸ ಹುಡುಗರನ್ನೆಲ್ಲ ಕಬ್ಬಿಣದ ಪಂಜರದಂಥ ಲಿಫ್ಟಿನಲ್ಲಿ ನಿಲ್ಲಿಸಿ ಭೂಮಿಯೊಳಕ್ಕೆ ಇಳಿಸಿದ. ದೀಪ ಆರಿಸಿದ. "ನೋಡಿಕೊಳ್ಳಿ, ಗೋಲು ಹೊಡೆಯದವರು ಸೋಮವಾರದಿಂದ ಇಲ್ಲಿ" ಎಂದ. ಇದನ್ನು ಹೇಳುವಾಗ ಕೋಚ್ ನಗುತ್ತಿದ್ದರು. ಆದರೆ ಕೈ ಬೇಲಿಯ ಹಲಗೆಯನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

"ಬೇರೆಯವರು ಆಸೆಯಿಂದ ಆಡ್ತಾರೆ, ಹೆಸರಿಗೆ, ಹುಡುಗಿಯರಿಗೆ. ನಾನು ಆ ಲಿಫ್ಟಿಗೆ ಹೆದರಿ ಆಡ್ತೀನಿ" ಎನ್ನುತ್ತಿದ್ದರು. ಪ್ರತಿ ಪಂದ್ಯಕ್ಕೂ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ತಂಡದವರಿಗೆ ಅದು ಶುಭಶಕುನ. ಅವರು ವಾಂತಿ ಮಾಡಿಕೊಳ್ಳದ ದಿನ ಗೋಲು ಬರುವುದಿಲ್ಲ ಎಂದು ಗೋಲ್‌ಕೀಪರ್ ಬಾಗಿಲ ಹೊರಗೆ ನಿಂತು ಕಿವಿಗೊಡುತ್ತಿದ್ದನಂತೆ.

ಹೆದರಿಕೆ ಅವರನ್ನು ಬಹಳ ದೂರ ಕರೆದುಕೊಂಡು ಹೋಯಿತು. ಗಣಿಯ ತಂಡದಿಂದ ನಗರದ ದೊಡ್ಡ ಕ್ಲಬ್ಬಿಗೆ, ದೇಶದ ಮೊದಲ ದರ್ಜೆಯ ಲೀಗಿಗೆ. ಕಾಲಿಗಿಂತ ತಲೆಯಿಂದ ಹೊಡೆದ ಗೋಲುಗಳೇ ಹೆಚ್ಚು. ಎಡಗಡೆಯಿಂದ ಅವರ ಜೊತೆಗಾರನೊಬ್ಬ ಚೆಂಡನ್ನು ಎತ್ತಿ ಕೊಡುತ್ತಿದ್ದ, ಇವರು ಎರಡು ಮೈಗಳ ನಡುವೆ ಜಿಗಿದು ಹಣೆ ಕೊಡುತ್ತಿದ್ದರು. ಮಳೆಯಲ್ಲಿ ನೆನೆದ ಚರ್ಮದ ಚೆಂಡು ಇಟ್ಟಿಗೆಯಷ್ಟು ಭಾರ. ಅಭ್ಯಾಸದ ದಿನಗಳಲ್ಲಿ ಸಂಜೆಯವರೆಗೂ ಅದೇ. ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರಂತೆ.

ಒಮ್ಮೆ ದೇಶದ ತಂಡಕ್ಕೂ ಕರೆ ಬಂತು. ಬೆಂಚಿನ ಮೇಲೆ ಕೂರಿಸಿದರು. ದ್ವಿತೀಯಾರ್ಧದಲ್ಲಿ ತರಬೇತುದಾರ ಇವರ ಕಡೆ ನೋಡಿ, ಮೈ ಬಿಸಿ ಮಾಡಿಕೋ ಎಂದು ಕೈ ತೋರಿಸಿದ. ಇವರು ಎದ್ದು ಮೈದಾನದ ಅಂಚಿನ ಗೆರೆಯ ಉದ್ದಕ್ಕೂ ಓಡತೊಡಗಿದರು. ಹಿಮ ಬೆರೆತ ಮಳೆ. ಮೊಣಕಾಲು ಎತ್ತಿ ಓಡು, ಹಿಮ್ಮಡಿ ಎತ್ತಿ ಓಡು, ತಿರುಗು, ಮತ್ತೆ ಓಡು... ಈಗ ಕರೆಯುತ್ತಾನೆ, ಈಗ ಕರೆಯುತ್ತಾನೆ. ಪಂದ್ಯ ಮುಗಿದ ಸೀಟಿ ಕೇಳಿಸಿತು. ಕರೆಯಲೇ ಇಲ್ಲ. ಮತ್ತೊಂದು ಸಲ ಆ ಅವಕಾಶ ಬರಲೂ ಇಲ್ಲ.

ಆಗ ಅವರ ಸರ್ಕಾರ ಆಟಗಾರರನ್ನು ಹೊರದೇಶಕ್ಕೆ ಬಿಡುತ್ತಿದ್ದುದು ಅವರ ಒಳ್ಳೆಯ ವಯಸ್ಸು ಕಳೆದ ಮೇಲೆ. ಇವರನ್ನು ಬಿಟ್ಟಾಗ ಗ್ರೀಸಿನ ಒಂದು ಸಣ್ಣ ಕ್ಲಬ್ಬಿಗೆ ಹೋದರು. ಒಂದು ಸೀಸನ್ ಚೆನ್ನಾಗಿ ನಡೆಯಿತು, ಎರಡನೆಯದರಲ್ಲಿ ಮೊಣಕಾಲು ಹೋಯಿತು. ಟೊರೊಂಟೊದಲ್ಲಿ ಪೋಲಿಷ್ ಜನರದೊಂದು ತಂಡ ಬೇಸಿಗೆಗೆ ಆಡಲು ಕರೆಯಿತು. ಬಂದವರು ಹೆಂಡತಿಯನ್ನೂ ಕರೆಸಿಕೊಂಡು ಇಲ್ಲೇ ಉಳಿದರು. ಬೇಸಿಗೆಯಲ್ಲಿ ಮನೆಗಳಿಗೆ ಛಾವಣಿ ಹಾಕುವುದು, ಚಳಿಗಾಲದಲ್ಲಿ ಒಳಾಂಗಣ ಪಂದ್ಯ. ಆಮೇಲೆ ಬರೀ ಛಾವಣಿ. "ಛಾವಣಿ ಒಳ್ಳೇದು. ಗಣಿಗಿಂತ ಎತ್ತರ" ಎಂದು ನಗುತ್ತಿದ್ದರು.

ಇಂಥವರು ಹುಡುಗಿಯರಿಗೆ ಕಲಿಸುವಾಗ ಒಂದೇ ಒಂದು ವಿಷಯಕ್ಕೆ ಕೂಗಾಡುತ್ತಿದ್ದರು. ಯಾರಾದರೂ ಚೆಂಡಿಗೆ ತಲೆ ಕೊಟ್ಟರೆ. "ನೋ ಹೆಡ್! ನೋ ಹೆಡ್!" ಎಂದು ಕುಂಟುತ್ತಲೇ ಮೈದಾನದ ಮಧ್ಯಕ್ಕೆ ಓಡಿಬಿಡುತ್ತಿದ್ದರು. ಒಮ್ಮೆ ನನ್ನ ಮಗಳು ಮರೆತು ಜಿಗಿದು ಹಣೆಯಿಂದ ಗೋಲು ಹೊಡೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಮುಖ ಬಿಳಿಚಿಹೋಗಿತ್ತು. ಅವಳನ್ನು ಪಕ್ಕಕ್ಕೆ ಕರೆದು ಎರಡೂ ಕೈಯಲ್ಲಿ ಅವಳ ತಲೆ ಹಿಡಿದು ಕಣ್ಣೊಳಗೆ ನೋಡಿದರು. ನನಗೆ ಸ್ವಲ್ಪ ಅತಿಯಾಯಿತು ಅನ್ನಿಸಿತು. ಮನೆಗೆ ಬರುವಾಗ ಮಗಳು, "ಹೀ ಈಸ್ ಸೋ ವಿಯರ್ಡ್, ಅಮ್ಮಾ" ಎಂದು ಮುಖ ಊದಿಸಿಕೊಂಡಳು.

ಅದರ ಕಾರಣ ನನಗೆ ತಿಳಿದದ್ದು ಆ ವರ್ಷದ ಕೊನೆಗೆ. ಬೇಲಿಯ ಹತ್ತಿರ ಬಂದವರು ಸಡಿಲವಾಗಿದ್ದ ಒಂದು ಹಲಗೆಯನ್ನು ಒತ್ತಿ ಕೂರಿಸಿದರು. ಆಮೇಲೆ, ಎಡಗಡೆಯಿಂದ ಚೆಂಡು ಕೊಡುತ್ತಿದ್ದ ಆ ಜೊತೆಗಾರ ತೀರಿಹೋದನೆಂದರು. ಸಾಯುವ ಹೊತ್ತಿಗೆ ಅವನಿಗೆ ತನ್ನ ಮಕ್ಕಳ ಗುರುತೂ ಇರಲಿಲ್ಲ. ಅದಕ್ಕೂ ಮೊದಲು ಗೋಲ್ ಕಾಯುವವರ ಮುಂದೆ ನಿಲ್ಲುತ್ತಿದ್ದ ಡಿಫೆಂಡರ್ ಹಾಗೇ ಹೋಗಿದ್ದ. "ಎಲ್ಲ ತಲೆ ಕೊಟ್ಟವರು. ಕಾಲಿಂದ ಆಡಿದವರು ಚೆನ್ನಾಗಿದ್ದಾರೆ, ಇಸ್ಪೀಟು ಆಡ್ತಾರೆ" ಎಂದರು. ಆಮೇಲೆ ತಮ್ಮ ಹಣೆಯ ಮೇಲೆ ಬೆರಳಿಂದ ಎರಡು ಸಲ ಬಡಿದುಕೊಂಡು ನನ್ನನ್ನೇ ನೋಡಿದರು, ಒಳಗೆ ಯಾರಾದರೂ ಇದ್ದಾರೋ ಎಂದು ಬಾಗಿಲು ತಟ್ಟಿದವರ ಹಾಗೆ. ಆವತ್ತು ಅವರ ಭಯ ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಅಂದಿನಿಂದ ನಾನು ಅವರನ್ನು ಗಮನಿಸತೊಡಗಿದೆ. ಬೆಳಿಗ್ಗೆ ಹಿಮ ತೆಗೆಯುವಾಗ ಸಣ್ಣ ದನಿಯಲ್ಲಿ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ತಮ್ಮ ಹಳೆಯ ತಂಡದವರ ಹೆಸರುಗಳು, ಗೋಲ್‌ಕೀಪರಿನಿಂದ ಶುರುಮಾಡಿ ತಮ್ಮವರೆಗೆ. ನನಗೆ ಪೋಲಿಷ್ ಬರದಿದ್ದರೂ ದಿನಾ ಕೇಳಿ ಕೇಳಿ ಅದರ ಲಯ ಕಿವಿಗೆ ಕೂತಿತ್ತು. ಒಂದು ದಿನ ಆ ಲಯ ನಡುವೆ ನಿಂತಿತು. ಸಲಿಕೆಯೂ ನಿಂತಿತು. ಅವರು ಮತ್ತೆ ಮೊದಲಿಂದ ಹೇಳಿದರು, ಅದೇ ಜಾಗದಲ್ಲಿ ಮತ್ತೆ ನಿಂತರು. ಮೂರನೆಯ ಸಲ ಹೆಸರು ಸಿಕ್ಕಿತು. ತಲೆ ಎತ್ತಿ ನಮ್ಮ ಕಿಟಕಿಯ ಕಡೆ ನೋಡಿದರು. ನಾನು ಪರದೆಯ ಹಿಂದೆ ಸರಿದುಕೊಂಡೆ. 

ಗಂಡನಿಗೆ ಹೇಳಿದೆ. "ವಯಸ್ಸಾದ ಮ್ಯಾಲ ಯಾರಿಗರ ಎಲ್ಲಾ ಹೆಸರು ನೆನಪಿರ್ತಾವೇನ? ನನಗ ನಮ್ಮ ಕಾಲೇಜಿನ ಕ್ರಿಕೆಟ್ ಟೀಮ್ ನೆನಪಿಲ್ಲ. ಸುಮ್ನ ಏನೇನರ ತಲ್ಯಾಗ ತುಂಬ್ಕೋಬ್ಯಾಡ" ಎಂದರು. ಸರಿ ಅನ್ನಿಸಿತು. ಎಷ್ಟೆಂದರೂ ಅವರು ಮೊದಲಿಂದಲೂ ಹಳೆಯದನ್ನೆಲ್ಲ ಈಗಿನದರಂತೆಯೇ ಮಾತಾಡುವವರು. ಯಾವುದು ಅವರ ಇಂಗ್ಲಿಷ್, ಯಾವುದು ಅವರ ತಲೆ ಎಂದು ನನಗಾದರೂ ಹೇಗೆ ತಿಳಿಯಬೇಕು?

ಫೆಬ್ರವರಿಯಲ್ಲಿ ಬ್ಯಾರಿ ಎಂಬ ಊರಿನಲ್ಲಿ ಒಳಾಂಗಣ ಪಂದ್ಯಗಳಿದ್ದವು. ನಮ್ಮಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ನನ್ನ ಗಂಡನಿಗೆ ಆ ಶನಿವಾರವೂ ಕೆಲಸವಿತ್ತು. ಕೋಚ್ ತಮ್ಮ ಹಳೆಯ ವ್ಯಾನಿನಲ್ಲಿ ಮಗಳನ್ನೂ ನನ್ನನ್ನೂ ಕರೆದುಕೊಂಡು ಹೋದರು. ಹುಡುಗಿಯರು ಒಂದು ಗೆದ್ದರು, ಒಂದು ಸೋತರು. ಹೊರಡುವಾಗ ಮಧ್ಯಾಹ್ನ ಕಳೆದಿತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಮಗಳು ಹಿಂದಿನ ಸೀಟಿನಲ್ಲಿ, ನಾನು ಮುಂದೆ.

ಹೈವೇ ಹತ್ತಿದ ಸ್ವಲ್ಪ ಹೊತ್ತಿಗೆ ಹಿಮ ಶುರುವಾಯಿತು. ಮೊದಲು ಹಿಟ್ಟು ಜರಡಿ ಹಿಡಿದಂತೆ, ಆಮೇಲೆ ಬಿಳಿ ಗೋಡೆಯಂತೆ. ಮುಂದಿನ ಟ್ರಕ್ಕಿನ ಕೆಂಪು ದೀಪಗಳು ಕಂಡು ಮಾಯವಾಗುತ್ತಿದ್ದವು. ನಾನು ಬಾಗಿಲ ಹಿಡಿ ಹಿಡಿದು ಕೂತಿದ್ದೆ. ಆಗ ಒಂದು ಹಸಿರು ಬೋರ್ಡು ದಾಟಿತು. ಅದರ ಮೇಲೆ ಟೊರೊಂಟೊ ಇರಲಿಲ್ಲ. ಸಡ್‌ಬರಿ ಎಂದಿತ್ತು. ಅದು ಇನ್ನೂ ಉತ್ತರದ ಗಣಿಗಳ ಊರು. ನಾವು ಮನೆಯ ವಿರುದ್ಧ ದಿಕ್ಕಿಗೆ ಹೋಗುತ್ತಿದ್ದೆವು.

"ಕೋಚ್, ದಾರಿ ತಪ್ಪಿದೆವು ಅಂತ ಕಾಣುತ್ತೆ" ಎಂದೆ.

ಅವರು ಉತ್ತರಿಸಿದರು, ಪೋಲಿಷ್ ಭಾಷೆಯಲ್ಲಿ. ನನ್ನ ಕಡೆ ನೋಡಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ. ಈ ಸಲ ಸಿಡುಕಿದಂತೆ ಏನೋ ಹೇಳಿ ವೇಗ ಹೆಚ್ಚಿಸಿದರು. ಆ ವ್ಯಾನು ಅಷ್ಟು ಜೋರಾಗಿ ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಚಕ್ರ ಒಮ್ಮೆ ಜಾರಿ ಮತ್ತೆ ನೆಟ್ಟಗಾಯಿತು. ಅವರ ಮುಖವನ್ನು ನೋಡಿದೆ. ಹಣೆಯ ಮೇಲೆ ಬೆವರು. ತುಟಿ ಒಣಗಿ ಬೆಳ್ಳಗಾಗಿತ್ತು. ಎಲ್ಲಿಗೋ ತಡವಾಗಿದೆ, ಯಾರೋ ಕಾಯುತ್ತಿದ್ದಾರೆ ಎಂಬಂಥ ಮುಖ. ನನ್ನ ಪಕ್ಕದಲ್ಲಿ ವ್ಯಾನು ಓಡಿಸುತ್ತಿದ್ದವರು ನನಗೆ ಪರಿಚಯವಿಲ್ಲದ ಯಾವನೋ ಒಬ್ಬ ತರುಣ.

ನನ್ನ ಭಯ ಕಾಲಿಗೆ ಇಳಿಯಿತು. ನಿಜವಾಗಿಯೂ ಇಳಿಯಿತು... ಮೊಣಕಾಲ ಕೆಳಗೆ ಏನೂ ಇಲ್ಲವೆನಿಸಿತು. ಸ್ಟೀರಿಂಗಿಗೆ ಕೈ ಹಾಕಲೇ? ಹಾಕಿದರೆ ವ್ಯಾನು ಮಗುಚುತ್ತದೆ. ಕೂಗಲೇ? ಕೂಗಿದರೆ ಇನ್ನಷ್ಟು ಬೆದರುತ್ತಾರೆ. ಬಲಗಡೆ ಒಂದು ದೊಡ್ಡ ಟ್ರಕ್ ನಮ್ಮನ್ನು ಉಜ್ಜಿಕೊಂಡಂತೆ ಹೋಗಿ ಗಾಜಿನ ತುಂಬಾ ಕೆಸರು ಹಿಮ ಎರಚಿತು. ಕೆಲವು ಕ್ಷಣ ಏನೂ ಕಾಣಲಿಲ್ಲ. ಅವರು ಬ್ರೇಕ್ ಒತ್ತಲಿಲ್ಲ.

ಹಿಂದಿನಿಂದ ಮಗಳ ದನಿ ಬಂತು. ನಡುಗುತ್ತಿರಲಿಲ್ಲ, ಬೇಕಂತಲೇ ಎಳೆಯದಾಗಿ ಮಾಡಿಕೊಂಡಿದ್ದಳು. "ಕೋಚ್? ಕೋಚ್, ನನಗೆ ವಾಂತಿ ಬರ್ತಿದೆ. ಸ್ಟಾಪ್, ಪ್ಲೀಸ್."

ಪಂದ್ಯಗಳಿಗೆ ಹೋಗುವಾಗ ವ್ಯಾನಿನಲ್ಲಿ ಯಾವಳೋ ಒಬ್ಬಳಿಗೆ ಹೊಟ್ಟೆ ತೊಳೆಸುವುದು ಮಾಮೂಲು. ಅವರು ಎಂದೂ ಬಯ್ದವರಲ್ಲ. ತಕ್ಷಣ ಪಕ್ಕಕ್ಕೆ ಹಾಕುತ್ತಿದ್ದರು. ಈಗಲೂ ಅವರ ಕೈ ತಾನಾಗಿ ಇಂಡಿಕೇಟರ್ ಹಾಕಿತು. ವ್ಯಾನು ನಿಧಾನವಾಯಿತು, ಬಲಕ್ಕೆ ಸರಿಯಿತು, ಹೈವೇಯ ಅಂಚಿನಲ್ಲಿ ನಿಂತಿತು. ನಾನು ಕೈ ಚಾಚಿ ಕೀಲಿ ತಿರುಗಿಸಿ ಕಿತ್ತುಕೊಂಡೆ.

ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವರು ಬಾಗಿಲು ತೆಗೆದು ಇಳಿದುಬಿಟ್ಟರು. ಜಾಕೆಟ್ ಕಳಚಿ ಸೀಟಿನ ಮೇಲೆ ಎಸೆದರು. ವ್ಯಾನಿನ ಮುಂದೆ ಹೋಗಿ ರಸ್ತೆಯ ಅಂಚಿನ ಬಿಳಿ ಗೆರೆಯ ಉದ್ದಕ್ಕೂ ಓಡತೊಡಗಿದರು. ಮೊಣಕಾಲು ಎತ್ತಿ ಎತ್ತಿ ಓಡಿದರು. ತಿರುಗಿದರು. ಹಿಮ್ಮಡಿ ಎತ್ತಿ ಓಡಿದರು. ಪಕ್ಕದಲ್ಲಿ ಟ್ರಕ್ಕುಗಳು ಹಾರ್ನ್ ಹಾಕುತ್ತ ಹೋಗುತ್ತಿದ್ದವು, ಅವುಗಳ ಗಾಳಿಗೆ ಅವರ ಶರ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ನನಗೆ ಅರ್ಥವಾಗಿಬಿಟ್ಟಿತು. ಅವರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಈಗ ಕರೆಯುತ್ತಾರೆ ಎಂದು ಕಾಯುತ್ತಿದ್ದರು. ಪ್ರತಿ ಸಲ ತಿರುಗಿದಾಗ ವಾಹನಗಳು ಬರುವ ಕಡೆಗೇ ಆಸೆಯಿಂದ ನೋಡುತ್ತಿದ್ದರು.

"ನೀನು ಇಳೀಬೇಡ, ಬೆಲ್ಟ್ ತೆಗೀಬೇಡ" ಎಂದು ಮಗಳಿಗೆ ಹೇಳಿ ಇಳಿದೆ. ಕಾಲುಗಳು ಹೇಗೆ ನಡೆದವೋ ತಿಳಿಯದು. ಓಡುತ್ತ ಬಂದವರ ಎದುರಿಗೆ ನಿಂತು ಎರಡೂ ತೋಳು ಹಿಡಿದುಕೊಂಡೆ. ಅವರು ನನ್ನನ್ನು ನೋಡಿದರು. ನಾನು ಯಾರೆಂದು ಗೊತ್ತಿರಲಿಲ್ಲ. ಏನೋ ಕೇಳಿದರು. ಮತ್ತೆ ಮತ್ತೆ ಒಂದೇ ಮಾತು, ಬೇಡಿಕೊಳ್ಳುವಂತೆ. ನನಗೆ ಪೋಲಿಷ್ ಬರುತ್ತಿರಲಿಲ್ಲ, ನಿಜ. ಆದರೂ ಬಾಯಿಂದ ಬಂದದ್ದು ಇಂಗ್ಲಿಷ್ ಕೂಡ ಅಲ್ಲ. "ಸಾಕ್ರೀ, ಸಾಕು. ಆತು. ಬರ್ರಿ, ಮನಿಗೆ ಹೋಗೂಣು" ಎಂದೆ. ಅದನ್ನೇ ಹೇಳುತ್ತ ಒಂದೊಂದು ಹೆಜ್ಜೆಯಾಗಿ ಅವರನ್ನು ಗೆರೆಯಿಂದ ಒಳಕ್ಕೆ ಎಳೆದುಕೊಂಡು ಬಂದೆ. ಸಣ್ಣ ಮಗುವಿನ ಹಾಗೆ ಬಂದರು.

ವ್ಯಾನಿನಲ್ಲಿ ಕೂರಿಸಿ ಜಾಕೆಟ್ ಹೊದಿಸಿದೆ. ಗಂಡನಿಗೆ ಫೋನ್ ಮಾಡಿದೆ.

"ನಾವು ಫೋರ್ ಹಂಡ್ರೆಡ್ ಹೈವೇದಾಗ ನಿಂತೇವ್ರಿ. ಬ್ಯಾರಿ ದಾಟಿ ಮ್ಯಾಲ ಬಂದುಬಿಟ್ಟೇವಿ. ಕೋಚ್‌ಗ ಆರಾಮಿಲ್ಲ. ಲಗೂನ ಬರ್ರಿ."

"ಆಕ್ಸಿಡೆಂಟ್ ಆಗೇತೇನ? ಕೂಸು?"

"ಇಲ್ಲ, ಇಲ್ಲ. ಇಬ್ಬರೂ ಆರಾಮ ಅದೇವಿ. ನೀವು ಬರ್ರಿ ಅಷ್ಟ."

"ಹೊಂಟೆ. ಗಾಡಿ ಬಿಟ್ಟು ಕೆಳಗ ಇಳೀಬ್ಯಾಡ್ರಿ" ಎಂದರು. 

ವ್ಯಾನನ್ನು ನಾನು ಓಡಿಸುವಂತಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಕಲಿಯುವವರ ಲೈಸೆನ್ಸು, ಅದರಲ್ಲಿ ಹೈವೇಗೆ ಇಳಿಯಬಾರದು. ಕಾಯುತ್ತ ಕೂತೆವು. ಮಗಳು ಹಿಂದಿನಿಂದ ಬಗ್ಗಿ ಕೋಚ್ ಅವರ ಭುಜದ ಮೇಲೆ ಕೈಯಿಟ್ಟಳು. ತುಂಬಾ ಹೊತ್ತಿನ ಮೇಲೆ ಅವರು ಇಂಗ್ಲಿಷಿನಲ್ಲಿ, "ಹೊಟ್ಟೆ ಹೇಗಿದೆ ಮರಿ?" ಎಂದು ಕೇಳಿದರು. ಅವಳು ಆಗ ಅತ್ತಳು. ಅವರು ಸುತ್ತ ನೋಡಿದರು, ಹಿಮ, ಟ್ರಕ್ಕು, ನನ್ನ ಕೈಯಲ್ಲಿದ್ದ ಕೀಲಿ. ಎಲ್ಲವೂ ಅವರಿಗೆ ಒಟ್ಟಿಗೇ ತಿಳಿಯಿತು. ಅಂಥ ಮುಖವನ್ನು ನಾನು ಇನ್ನೊಮ್ಮೆ ನೋಡಲಾರೆ.

"ನಾನು ಮಗುವನ್ನು..." ಎಂದರು. 

ಅಷ್ಟರಲ್ಲಿ ಹಿಂದೆ ಪೊಲೀಸ್ ಕಾರೊಂದು ದೀಪ ಮಿಣುಕಿಸುತ್ತ ಬಂದು ನಿಂತಿತು. ಕೋಚ್ ನನ್ನ ಮಣಿಕಟ್ಟು ಹಿಡಿದುಕೊಂಡರು. "ನನ್ನ ಹೆಂಡತಿಗೆ ಹೇಳಬೇಡ. ಪ್ಲೀಸ್. ಹೇಳಿದರೆ ಡಾಕ್ಟರ್ ಹತ್ರ ಕರೆದುಕೊಂಡು ಹೋಗ್ತಾಳೆ. ಡಾಕ್ಟರ್ ಹೇಳಿಬಿಡ್ತಾನೆ." ಹೇಳುವವರೆಗೆ ಅದು ನಿಜವಲ್ಲ ಎಂಬಂತೆ ಹೇಳಿದರು. ಪೊಲೀಸಿನವಳು ಚಿಕ್ಕ ವಯಸ್ಸಿನವಳು. ಇವರಿಗೆ ಹುಷಾರಿಲ್ಲ, ನನ್ನ ಗಂಡ ಬರುತ್ತಿದ್ದಾರೆ ಎಂದೆ. ಅವಳು ಅವರ ಮುಖ ನೋಡಿದಳು, ಹೆಚ್ಚು ಕೇಳಲಿಲ್ಲ. ನನ್ನ ಗಂಡ ಬರುವವರೆಗೂ ತನ್ನ ಕಾರನ್ನು ನಮ್ಮ ಹಿಂದೆ ಅಡ್ಡ ನಿಲ್ಲಿಸಿಕೊಂಡು ಕಾದಳು.

ಆ ಸಂಜೆಯೇ ಅವರ ಹೆಂಡತಿಗೆ ಹೇಳಿದೆ. ದಾರಿಯುದ್ದಕ್ಕೂ ಬೇರೆ ಏನನ್ನೂ ಯೋಚಿಸಿರಲಿಲ್ಲ. ಅವರ ಬೇಡಿಕೆ ಕಿವಿಯಲ್ಲಿತ್ತು. ಆದರೆ ಗಾಜಿಗೆ ಕೆಸರು ಎರಚಿದ ಆ ಕ್ಷಣ ಕಣ್ಣಲ್ಲಿತ್ತು, ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು. ಅಡುಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡ ಆ ಹೆಂಗಸು ಒಲೆ ಆರಿಸಿದರು. "ಹೋದ ವರ್ಷದ ಈಸ್ಟರಿನಿಂದ ನನಗೆ ಗೊತ್ತು" ಎಂದರು. "ಉಪ್ಪಿನ ಡಬ್ಬಿಯನ್ನು ಶೂ ಇಡುವ ಜಾಗದಲ್ಲಿ ಇಡ್ತಾನೆ. ನಾನು ತೆಗೆದು ಒಳಗಿಡ್ತೀನಿ. ನಾನು ಬಾಯಿ ಬಿಡದಿದ್ದರೆ ಅದು ಒಳಗೆ ಬರೋದಿಲ್ಲ ಅಂದುಕೊಂಡೆ." ಆಮೇಲೆ ಕುರ್ಚಿಯಲ್ಲಿ ಕೂತು, ಅಪ್ರನ್ನಿನಿಂದ ಮುಖ ಮುಚ್ಚಿಕೊಂಡರು.

ಡಾಕ್ಟರು ಹೇಳಬೇಕಾದ್ದನ್ನು ಹೇಳಿದರು. ಲೈಸೆನ್ಸ್ ಹೋಯಿತು. ತಂಡವನ್ನು ಬೇರೆಯವರು ವಹಿಸಿಕೊಂಡರು. ಕೋಚ್ ನನ್ನೊಡನೆ ಮಾತು ಬಿಟ್ಟರು. ಡ್ರೈವ್‌ವೇಯಲ್ಲಿ ಎದುರಾದರೆ ನನ್ನ ತಲೆಯ ಮೇಲಿಂದ ನೋಡುತ್ತ ಹೋಗುತ್ತಿದ್ದರು. ಹಿಮ ಕರಗಿ, ಹಿತ್ತಲಲ್ಲಿ ಹುಲ್ಲು ಕಾಣಿಸಿಕೊಂಡ ಮೇಲೆ ಒಂದು ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಬೇಲಿಯ ಹತ್ತಿರ ಬಂದು ನಿಂತರು.

"ನೀನು ನನಗೆ ಫೌಲ್ ಮಾಡ್ತೀಯ" ಎಂದರು.

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿ ಬೇಲಿಯ ಹತ್ತಿರ ಹೋದೆ.

"ಹಿಂದಿನಿಂದ ಕಾಲಿಗೆ ಕಾಲು ಕೊಡ್ತೀಯ. ನಾನು ಬೀಳ್ತೀನಿ." ಆಮೇಲೆ, "ಸರಿಯಾದ ಫೌಲ್. ಮಾಡದಿದ್ದರೆ ನಿನ್ನ ಮೇಲೆ ಗೋಲು" ಎಂದು ಬೇಲಿಯ ಮೇಲಿಂದ ಕೈ ಚಾಚಿದರು. ಅದು ತಣ್ಣಗಿತ್ತು, ಆದರೆ ಹಿಡಿತ ಗಟ್ಟಿಯಾಗಿತ್ತು.

ಆ ಬೇಸಿಗೆಯಲ್ಲಿ ನಾನು ಡ್ರೈವಿಂಗ್ ಪರೀಕ್ಷೆ ಪಾಸು ಮಾಡಿದೆ. ಅವರ ಹೆಂಡತಿಗೆ ಓಡಿಸಲು ಬರುತ್ತಿರಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾರಾದರೂ ಬೇಕಿತ್ತು. ಅವರು ನನ್ನ ಪಕ್ಕದಲ್ಲಿ ಕೂತು ತಮ್ಮ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಹೈವೇಗೆ ಸೇರುವಾಗ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ಸೇರಿಕೊಂಡ ಮೇಲೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಆ ದಿನಗಳಲ್ಲಿ ಅವರು ತಮ್ಮ ಭಯವನ್ನು ಮುಚ್ಚಿಡಲಿಲ್ಲ. "ಇದು ಆ ಲಿಫ್ಟು. ಕೆಳಗೆ ಹೋಗ್ತಿದೆ. ದೀಪ ಒಂದೊಂದೇ ಆರಿಸ್ತಿದ್ದಾರೆ. ನಾನು ಇಷ್ಟು ಗೋಲು ಹೊಡೀತೀನಿ, ಆದರೂ ಸೋಮವಾರ ಬಂತು" ಎಂದರು ಒಮ್ಮೆ, ಸಿಗ್ನಲ್ಲಿನಲ್ಲಿ ನಿಂತಾಗ. ಹಸಿರು ಬಿದ್ದರೂ ನನಗೆ ಗಾಡಿ ಮುಂದಕ್ಕೆ ಬಿಡಲಾಗಲಿಲ್ಲ. ಹಿಂದಿನವರು ಹಾರ್ನ್ ಹಾಕಿದರು.

ಕೆಲವು ವರ್ಷ ಹಾಗೇ ನಡೆಯಿತು. ಒಮ್ಮೊಮ್ಮೆ ಗೋಡೆಯಾಚೆಯಿಂದ ಅವರ ಕೂಗು ಕೇಳಿಸುತ್ತಿತ್ತು. ನನ್ನ ಗಂಡ ಟಿವಿಯ ದನಿ ಕಡಿಮೆ ಮಾಡಿ ನನ್ನ ಕಡೆ ನೋಡುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು ಅವರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದರು. ಆಮೇಲೆ ಮನೆಯಲ್ಲಿ ಇಟ್ಟುಕೊಳ್ಳಲಾಗದ ದಿನ ಬಂತು.

ವೃದ್ಧರ ಆರೈಕೆಯ ಮನೆಗೆ ಸೇರಿಸಿದ ಮೇಲೆ ನಾನೂ ಮಗಳೂ ಅವರ ಹೆಂಡತಿಯ ಜೊತೆ ಅವರನ್ನು ಕೊನೆಯ ಸಲ ನೋಡಲು ಹೋದೆವು. ಕಿಟಕಿಯ ಬಿಸಿಲಲ್ಲಿ ಕೂರಿಸಿದ್ದರು. ಕೂದಲು ಬಾಚಿದ್ದರು, ಮುಖ ಮೃದುವಾಗಿತ್ತು, ಒಂದು ಗೆರೆಯೂ ಇರಲಿಲ್ಲ. ಮಗಳು ಎದುರಿಗೆ ಕೂತು, "ಕೋಚ್, ನಾನು" ಎಂದಳು. ಅವರು ಅವಳನ್ನು ನೋಡಿ ಸಂತೋಷದಿಂದ ನಕ್ಕರು, ಯಾರನ್ನು ನೋಡಿದರೂ ನಗುತ್ತಿದ್ದ ಹಾಗೆ. ಹೊರಗೆ ಬಂದ ಮೇಲೆ, ಪಾಪ ಎಷ್ಟು ನೆಮ್ಮದಿಯಾಗಿದ್ದಾರೆ ಎಂದು ನಾನು ಅವರ ಹೆಂಡತಿಗೆ ಸಮಾಧಾನಕ್ಕೆ ಹೇಳಿದೆ.

"ಹೌದು" ಎಂದರು ಅವರು. "ಈಗ ಹೆದರೋದಿಲ್ಲ. ಒಂದು ತಿಂಗಳಿನಿಂದ ಹೆದರಲೇ ಇಲ್ಲ. ನನ್ನ ಗಂಡ ಜೀವಮಾನದಲ್ಲಿ ಹೆದರದ ದಿನವೇ ಇರಲಿಲ್ಲ. ಅದಕ್ಕೇ ಗೊತ್ತಾಯಿತು, ಅವನು ಹೋಗಿಬಿಟ್ಟಿದ್ದಾನೆ ಅಂತ."

ಅವರ ಉಸಿರು ನಿಂತದ್ದು ಅದಾದ ಎಷ್ಟೋ ತಿಂಗಳ ಮೇಲೆ. ಚರ್ಚಿನಲ್ಲಿ ಹುಡುಗಿಯರು ಬಂದಿದ್ದರು, ಬೆಳೆದು ದೊಡ್ಡವರಾಗಿದ್ದರು. ಮನೆ ಮಾರಿ ಅವರ ಹೆಂಡತಿ ತಂಗಿಯ ಹತ್ತಿರ ಹೋದರು.

ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳ್ಳೆಯ ಜನ, ಚಿಕ್ಕ ಮಕ್ಕಳಿರುವವರು. ಮಗಳು ಓದಲು ಬೇರೆ ಊರಿಗೆ ಹೋಗಿದ್ದಾಳೆ. ಮುಂದಿನ ವಾರ ನನ್ನ ಗಂಡನಿಗೆ ಹೃದಯದ ಪರೀಕ್ಷೆ ಇದೆ. ಏನೂ ಇರೋದಿಲ್ಲ, ಸುಮ್ಮನೆ ನೋಡ್ತಾರೆ, ಹೆದರಬೇಡ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಗಂಡನೂ ಹೇಳುತ್ತಾರೆ, ಹೇಳಿ ಆ ಕಡೆ ತಿರುಗಿ ಮಲಗುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ. ಇವತ್ತು ಬೆಳಿಗ್ಗೆ ಅಡುಗೆ ಅರ್ಧಕ್ಕೆ ಬಿಟ್ಟು, ಯಾಕೆಂದು ತಿಳಿಯದೆ ಹಿತ್ತಲಿಗೆ ಹೋಗಿ ಬೇಲಿಯ ಹತ್ತಿರ ನಿಂತಿದ್ದೆ. ಆಚೆ ಒಂದು ಪುಟ್ಟ ಸೈಕಲ್ಲು ಹುಲ್ಲಿನ ಮೇಲೆ ಬಿದ್ದಿತ್ತು. ಆ ಮನೆಯ ಹೆಂಗಸು ಅಡುಗೆಮನೆಯ ಕಿಟಕಿಯಿಂದ ನನ್ನನ್ನು ನೋಡಿ ಕೈ ಬೀಸಿದಳು, ಏನಾದರೂ ಬೇಕಿತ್ತೇ ಎಂಬಂತೆ ಹುಬ್ಬೆತ್ತಿದಳು. ಏನಿಲ್ಲ ಎಂದು ತಲೆಯಾಡಿಸಿ ಒಳಗೆ ಬಂದೆ.